ಗಾಳಿ ಸೋರದ ಪೆಟ್ಟಿಗೆ: ಮನೆಯಲ್ಲೇ ಸಬ್‌ವೂಫರ್ ಕಟ್ಟುವ ಬಗೆ



ಶಿವಮೊಗ್ಗದ ದಸರಾ ಮೆರವಣಿಗೆಯಲ್ಲಿ ಡೊಳ್ಳಿನ ತಂಡ ನಿಮ್ಮ ಮುಂದೆಯೇ ಹಾದುಹೋದದ್ದು ನೆನಪಿದೆಯೇ? ಆ ಸದ್ದು ಕಿವಿಗೆ ಕೇಳುವುದಷ್ಟೇ ಅಲ್ಲ, ಎದೆಗೂಡಿಗೂ ತಾಗುತ್ತದೆ. ರಸ್ತೆ ಬದಿಯ ಅಂಗಡಿಯ ಷಟರ್ ಕೂಡ ಗುಂಯ್‌ಗುಡುತ್ತದೆ. ಮನೆಗೆ ಬಂದು ಅದೇ ಡೊಳ್ಳು ಕುಣಿತವನ್ನು ಟಿ.ವಿ.ಯಲ್ಲಿ ನೋಡಿ. ತಾಳ ಕೇಳುತ್ತದೆ, ಕುಣಿಯುವವರ ಕೂಗು ಕೇಳುತ್ತದೆ, ಕೋಲು ಚರ್ಮಕ್ಕೆ ಬಡಿದ 'ಟಪ್' ಎಂಬ ಸದ್ದೂ ಕೇಳುತ್ತದೆ. ಆದರೆ ಎದೆಗೆ ತಾಗುವ ಆ 'ಧಂ' ಮಾತ್ರ ಇಲ್ಲ. ಅದು ಎಲ್ಲಿ ಹೋಯಿತು?

ಭದ್ರಾವತಿ ಆಕಾಶವಾಣಿ 1965ರಲ್ಲಿ ಆರಂಭವಾದಂದಿನಿಂದ ಮಲೆನಾಡಿನ ಹಲವು ತಲೆಮಾರುಗಳು ಜಾನಪದ ಸಂಗೀತವನ್ನು ಅಂಗೈ ಅಗಲದ ಸ್ಪೀಕರಿರುವ ಟ್ರಾನ್ಸಿಸ್ಟರಿನಲ್ಲೇ ಕೇಳಿ ಬೆಳೆದವು. ಅಲ್ಲೂ ಇದೇ ಕೊರತೆ. ಮೃದಂಗದ ಬಲಬದಿಯ ನಾದ ಬರುತ್ತಿತ್ತು, ಎಡಬದಿಯ ಗುಂಕಾರ ಬರುತ್ತಿರಲಿಲ್ಲ. ಈ ಕಳೆದುಹೋದ ಸದ್ದನ್ನು ಮರಳಿ ತರುವ ಸಾಧನವೇ ಸಬ್‌ವೂಫರ್. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಈ ಪೆಟ್ಟಿಗೆಯನ್ನು ನೀವೇ ಕಟ್ಟಬಹುದು. ಅದಕ್ಕೆ ಪ್ಲೈವುಡ್, ಅಂಟು, ಸ್ಕ್ರೂ ಮತ್ತು ತಾಳ್ಮೆ ಬೇಕು. ನಿಮ್ಮ ಪಠ್ಯಪುಸ್ತಕದಲ್ಲಿರುವ ಬಾಯ್ಲನ ನಿಯಮವೂ ಬೇಕು. ಟಿ.ವಿ.ಯಲ್ಲಿ ತೋರಿಸಿದಾಗ ಹತ್ತು ನಿಮಿಷದಲ್ಲಿ ಪೆಟ್ಟಿಗೆ ಮುಗಿದಂತೆ ಕಾಣುತ್ತದೆ. ನಿಜದಲ್ಲಿ ಅದು ಮೂರು ನಾಲ್ಕು ದಿನಗಳ ಕೆಲಸ. ಅದರಲ್ಲಿ ಅರ್ಧ ಹೊತ್ತು ಅಂಟು ಒಣಗುವುದನ್ನು ಕಾಯುವುದೇ ಆಗುತ್ತದೆ.

ಕೆಳಸ್ಥಾಯಿಯ ಸದ್ದು ಏಕೆ ದುಬಾರಿ?

ಮನುಷ್ಯನ ಕಿವಿ ಸುಮಾರು 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗಿನ ಆವೃತ್ತಿಯ ಶಬ್ದವನ್ನು ಕೇಳಬಲ್ಲದು. ಹರ್ಟ್ಸ್ ಎಂದರೆ ಸೆಕೆಂಡಿಗೆ ಒಂದು ಕಂಪನ ಎಂಬುದು ನಿಮಗೆ ಗೊತ್ತೇ ಇದೆ. ಸಬ್‌ವೂಫರಿನ ಪಾಲಿಗೆ ಬರುವುದು ಇದರ ತಳದ ಭಾಗ, ಅಂದರೆ ಸುಮಾರು 100 ಹರ್ಟ್ಸ್‌ಗಿಂತ ಕೆಳಗಿನದು.

ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ವೇಗದಲ್ಲಿ ಚಲಿಸುತ್ತದೆ. ಈ ವೇಗವನ್ನು ಆವೃತ್ತಿಯಿಂದ ಭಾಗಿಸಿದರೆ ತರಂಗದೂರ ಸಿಗುತ್ತದೆ. 1,000 ಹರ್ಟ್ಸ್‌ನ ಅಲೆ 34 ಸೆಂಟಿಮೀಟರ್ ಉದ್ದ. 40 ಹರ್ಟ್ಸ್‌ನ ಅಲೆಯಾದರೋ ಎಂಟೂವರೆ ಮೀಟರ್! ನಿಮ್ಮ ಮನೆಯ ನಡುಮನೆಗಿಂತಲೂ ಉದ್ದ. ಇಷ್ಟು ದೊಡ್ಡ ಅಲೆಯನ್ನು ಎಬ್ಬಿಸಬೇಕಾದರೆ ಬಹಳ ಗಾಳಿಯನ್ನು ತಳ್ಳಬೇಕು. ಲೆಕ್ಕ ಹೀಗಿದೆ: ಸದ್ದಿನ ಪ್ರಮಾಣ ಅಷ್ಟೇ ಇರಬೇಕು, ಆವೃತ್ತಿ ಮಾತ್ರ ಅರ್ಧವಾಗಬೇಕು ಎಂದರೆ ಸ್ಪೀಕರಿನ ಕೋನ್ ನಾಲ್ಕು ಪಟ್ಟು ಹೆಚ್ಚು ದೂರ ಹಿಂದೆ ಮುಂದೆ ಚಲಿಸಬೇಕು. 80 ಹರ್ಟ್ಸ್‌ನಲ್ಲಿ ಒಂದು ಮಿಲಿಮೀಟರ್ ಸಾಕಾದರೆ, 40 ಹರ್ಟ್ಸ್‌ನಲ್ಲಿ ನಾಲ್ಕು ಮಿಲಿಮೀಟರ್ ಬೇಕು. ಆದ್ದರಿಂದಲೇ ಸಬ್‌ವೂಫರಿನ ಸ್ಪೀಕರ್ ಅಗಲವಾಗಿರುತ್ತದೆ, ಅದರ ಅಂಚಿನ ರಬ್ಬರ್ ಮಡಿಕೆ ದಪ್ಪವಾಗಿ ಉಬ್ಬಿಕೊಂಡಿರುತ್ತದೆ.

ಕಬ್ಬಿಣ ಮತ್ತು ಕಾಗದ

ಸ್ಪೀಕರಿನೊಳಗೆ ಏನಿದೆ? ಹಿಂಭಾಗದಲ್ಲಿ ಉಂಗುರದಾಕಾರದ ಭಾರವಾದ ಅಯಸ್ಕಾಂತ. ಅದರ ನಡುವಿನ ಕಿರಿದಾದ ಸಂದಿಯಲ್ಲಿ ತಾಮ್ರದ ತಂತಿಯ ಸುರುಳಿ. ಆ ಸುರುಳಿಗೆ ಅಂಟಿಕೊಂಡಿರುವ ಕಾಗದದ ಕೋನ್. ಸುರುಳಿಯಲ್ಲಿ ವಿದ್ಯುತ್ ಹರಿದಾಗ ಅಯಸ್ಕಾಂತ ಅದನ್ನು ತಳ್ಳುತ್ತದೆ ಇಲ್ಲವೇ ಸೆಳೆಯುತ್ತದೆ. ಸುರುಳಿಯೊಡನೆ ಕೋನ್ ಕೂಡ ಚಲಿಸುತ್ತದೆ, ಗಾಳಿ ಅಲುಗುತ್ತದೆ. ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲ್ಲಾಗ್ ಎಂಬ ಅಮೆರಿಕದ ಎಂಜಿನಿಯರುಗಳು 1925ರಲ್ಲಿ ಪ್ರಕಟಿಸಿದ ವಿನ್ಯಾಸವೇ ಮೂಲತಃ ಇಂದಿಗೂ ನಡೆದುಬಂದಿದೆ.

ಅಗ್ಗದ ಸ್ಪೀಕರುಗಳ ಅಯಸ್ಕಾಂತ ಫೆರೈಟ್ ಎಂಬ ವಸ್ತುವಿನದು. ಕಬ್ಬಿಣದ ಆಕ್ಸೈಡಿಗೆ ಬೇರಿಯಂ ಅಥವಾ ಸ್ಟ್ರಾನ್ಷಿಯಂ ಲವಣ ಬೆರೆಸಿ, ಮಡಕೆ ಸುಟ್ಟಂತೆ ಕುಲುಮೆಯಲ್ಲಿ ಸುಟ್ಟು ಅದನ್ನು ತಯಾರಿಸುತ್ತಾರೆ. ಕೋನ್ ಆದರೋ ಮರದ ನಾರಿನ ತಿರುಳಿನಿಂದಾದದ್ದು. ಕಬ್ಬಿಣ ಮತ್ತು ಕಾಗದ! ಭದ್ರಾವತಿಯವರಿಗೆ ಈ ಜೋಡಿಯನ್ನು ಪರಿಚಯಿಸಬೇಕಾಗಿಲ್ಲ. ಕೆಮ್ಮಣ್ಣುಗುಂಡಿಯ ಅದಿರನ್ನು ಕರಗಿಸಿ 1923ರಲ್ಲಿ ಉತ್ಪಾದನೆ ಆರಂಭಿಸಿದ ಮೈಸೂರು ಕಬ್ಬಿಣದ ಕಾರ್ಖಾನೆ, 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದದ ಕಾರ್ಖಾನೆ, ಇವೆರಡೂ ಊರಿನ ಎರಡು ಕಣ್ಣುಗಳಂತಿದ್ದವು. ಕಾಗದದ ಕಾರ್ಖಾನೆ ಈಗ ನಿಂತಿದೆ. ಅಲ್ಲಿ ತಯಾರಾಗುತ್ತಿದ್ದುದು ಬರೆಯುವ, ಮುದ್ರಿಸುವ ಕಾಗದ, ಸ್ಪೀಕರಿನ ಕಾಗದವಲ್ಲ. ಆದರೆ ನಾರನ್ನು ನೀರಿನಲ್ಲಿ ಕಲಸಿ, ಜಾಲರಿಯ ಮೇಲೆ ಹಾಕಿ, ನೀರು ಬಸಿದು ಒಣಗಿಸುವ ವಿದ್ಯೆ ಎರಡಕ್ಕೂ ಒಂದೇ. ಕಾಗದ ಹಗುರ, ಆದರೂ ಬಿಗಿ. ಬಡಿದರೆ ಲೋಹದಂತೆ ಟಣ್ ಎನ್ನುವುದಿಲ್ಲ. ಕೋನಿಗೆ ಬೇಕಾದದ್ದು ಈ ಮೂರೇ ಗುಣ.

ಪೆಟ್ಟಿಗೆ ಏಕೆ ಬೇಕು?

ಹೊಸ ಸ್ಪೀಕರನ್ನು ಪೆಟ್ಟಿಗೆಗೆ ಕೂರಿಸದೆ, ಹಾಗೆಯೇ ಮೇಜಿನ ಮೇಲಿಟ್ಟು ನುಡಿಸಿ ನೋಡಿ. ಕೋನ್ ಜೋರಾಗಿ ಕುಣಿಯುತ್ತದೆ, ಸದ್ದು ಮಾತ್ರ ಇಲ್ಲ! ಇದು ಹೇಗೆ?

ಕೋನ್ ಮುಂದಕ್ಕೆ ಬಂದಾಗ ಮುಂದಿನ ಗಾಳಿ ಒತ್ತಲ್ಪಡುತ್ತದೆ. ಅದೇ ಕ್ಷಣದಲ್ಲಿ ಹಿಂದಿನ ಗಾಳಿ ವಿರಳವಾಗುತ್ತದೆ. ಎಂಟೂವರೆ ಮೀಟರ್ ಉದ್ದದ ಅಲೆಗೆ ಒಂದು ಅಡಿ ಅಗಲದ ಸ್ಪೀಕರ್ ಯಾವ ಅಡ್ಡಿಯೂ ಅಲ್ಲ. ಮುಂದಿನ ಒತ್ತಡ ಅಂಚನ್ನು ಬಳಸಿ ಹಿಂದಕ್ಕೆ ಹರಿದು ಅಲ್ಲಿನ ಕೊರತೆಯನ್ನು ತುಂಬಿಬಿಡುತ್ತದೆ. ಕೂಡಿದ್ದು, ಕಳೆದದ್ದು ಸಮವಾಗಿ ಶೇಷ ಸೊನ್ನೆ. ಮೇಲ್‌ಸ್ಥಾಯಿಯ ಚಿಕ್ಕ ಅಲೆಗಳಿಗೆ ಹೀಗೆ ಬಳಸಿ ಹೋಗುವುದು ಸುಲಭವಲ್ಲ. ಆದ್ದರಿಂದ ಮಾತು ಕೇಳುತ್ತದೆ, ಡೊಳ್ಳು ಕೇಳುವುದಿಲ್ಲ.

ಮುಂದಿನ ಗಾಳಿಯನ್ನೂ ಹಿಂದಿನ ಗಾಳಿಯನ್ನೂ ಬೇರ್ಪಡಿಸುವುದು ಪೆಟ್ಟಿಗೆಯ ಮೊದಲ ಕೆಲಸ. ಅದಕ್ಕೆ ಎರಡನೆಯ ಕೆಲಸವೂ ಇದೆ. ಮುಚ್ಚಿದ ಪೆಟ್ಟಿಗೆಯಲ್ಲಿ ಸಿಕ್ಕಿಬಿದ್ದ ಗಾಳಿ ಸ್ಪ್ರಿಂಗಿನಂತೆ ವರ್ತಿಸುತ್ತದೆ. ಕೋನ್ ಒಳಕ್ಕೆ ಬಂದರೆ ಗಾಳಿ ಅದುಮಿಕೊಂಡು ಹೊರಕ್ಕೆ ತಳ್ಳುತ್ತದೆ, ಹೊರಕ್ಕೆ ಹೋದರೆ ಒಳಕ್ಕೆ ಎಳೆಯುತ್ತದೆ. ಗಾತ್ರ ಕಡಿಮೆಯಾದರೆ ಒತ್ತಡ ಹೆಚ್ಚುತ್ತದೆ ಎಂಬ ಬಾಯ್ಲನ ನಿಯಮ ಇಲ್ಲಿ ಕಣ್ಣಿಗೆ ಕಾಣುತ್ತದೆ. ಕಂಪನ ಬಹಳ ವೇಗವಾಗಿ ನಡೆಯುವುದರಿಂದ ಗಾಳಿ ಸ್ವಲ್ಪ ಬಿಸಿಯೂ ಆಗಿ, ಒತ್ತಡ ಬಾಯ್ಲನ ಲೆಕ್ಕಕ್ಕಿಂತ 1.4 ಪಟ್ಟು ಏರುತ್ತದೆ. ಈ ಗಾಳಿಯ ಸ್ಪ್ರಿಂಗನ್ನೇ ನಂಬಿ, ಸಡಿಲವಾದ ಅಂಚಿನ ಸ್ಪೀಕರನ್ನು ಚಿಕ್ಕ ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು ಆಳವಾದ ಸದ್ದು ಪಡೆಯಬಹುದೆಂದು 1954ರಲ್ಲಿ ತೋರಿಸಿಕೊಟ್ಟವರು ಅಮೆರಿಕದ ಎಡ್ಗರ್ ವಿಲ್ಚರ್. ಅದಕ್ಕೆ ಮುಂಚೆ ಅಂಥ ಸದ್ದಿಗೆ ಬೀರುವಿನಷ್ಟು ದೊಡ್ಡ ಪೆಟ್ಟಿಗೆ ಬೇಕಾಗುತ್ತಿತ್ತು.

ಒಂದು ಸಣ್ಣ ಸಂದಿ ಕಲಿಸಿದ ಪಾಠ

ಕಮ್ಮಾರನ ಕುಲುಮೆಯ ಬಳಿ ತಿದಿ ಒತ್ತುವುದನ್ನು ನೋಡಿದ್ದೀರಾ? ತಿದಿಯ ಚರ್ಮದಲ್ಲಿ ಒಂದು ತೂತಿದ್ದರೆ ಎಷ್ಟು ಒತ್ತಿದರೂ ಕೆಂಡ ಉರಿಯುವುದಿಲ್ಲ. ಸಬ್‌ವೂಫರ್ ಪೆಟ್ಟಿಗೆಯೂ ಹಾಗೆಯೇ.

ಇದನ್ನು ನಾನು ಕಲಿತದ್ದು ದುಡ್ಡು ತೆತ್ತು. ಪಿ.ಯು.ಸಿ. ಓದುತ್ತಿದ್ದಾಗ, ತಿಂಗಳುಗಟ್ಟಲೆ ಕೂಡಿಟ್ಟ ಹಣದಲ್ಲಿ ಎಂಟಿಂಚಿನ ಒಂದು ಸ್ಪೀಕರ್ ಕೊಂಡು ತಂದೆ. ಹಳೆಯ ಪ್ಯಾಕಿಂಗ್ ಪೆಟ್ಟಿಗೆಯ ಹಲಗೆಗಳನ್ನು ಮೊಳೆ ಹೊಡೆದು ಜೋಡಿಸಿದೆ. ಹೊರಗೆ ಮೈಕಾ ಅಂಟಿಸಿದ್ದರಿಂದ ನೋಡಲು ಚೆನ್ನಾಗಿಯೇ ಇತ್ತು. ಆದರೆ ಸದ್ದು ಏಳಲಿಲ್ಲ. 'ಇನ್ನೂ ಸ್ವಲ್ಪ' ಎಂದು ಆಂಪ್ಲಿಫೈಯರಿನ ಗುಂಡಿ ತಿರುಗಿಸಿದೆ. ಆಗಲೂ ಏಳಲಿಲ್ಲ, ಮತ್ತೆ ತಿರುಗಿಸಿದೆ. ಎರಡನೆಯ ವಾರ ಒಂದು ಸಂಜೆ ಸುಟ್ಟ ವಾರ್ನಿಷಿನ ವಾಸನೆ ಬಂತು, ಸ್ಪೀಕರ್ ಮೌನವಾಯಿತು. ಪಕ್ಕದ ಮನೆಗೆ ಬಾಗಿಲು ಕೂರಿಸಲು ಬಂದಿದ್ದ ಹಿರಿಯ ಬಡಗಿಯೊಬ್ಬರು ಪೆಟ್ಟಿಗೆಯನ್ನು ಎತ್ತಿ, ಸ್ಪೀಕರಿನ ರಂಧ್ರಕ್ಕೆ ಬಾಯಿಟ್ಟು ಊದಿ, ಹಿಂದಿನ ಮೂಲೆಗೆ ಅಂಗೈ ಹಿಡಿದು, "ಇಲ್ಲಿ ಗಾಳಿ ಬರ್ತಾ ಇದೆಯಲ್ಲ ತಮ್ಮಾ" ಎಂದರು. ಅಷ್ಟೇ. ಒಂದು ಕೂದಲೆಳೆ ಅಗಲದ, ಗೇಣುದ್ದದ ಸಂದಿ.

ಏನಾಗಿತ್ತು ಎಂದು ಈಗ ನೀವೇ ಹೇಳಬಲ್ಲಿರಿ. ಸಂದಿಯಿಂದ ಗಾಳಿ ಸೋರಿ ಸದ್ದು ಕಡಿಮೆಯಾಯಿತು. ಗಾಳಿಯ ಸ್ಪ್ರಿಂಗ್ ಸಡಿಲವಾಯಿತು. ಆದ್ದರಿಂದ ಕೋನ್ ಮಿತಿಮೀರಿ ಓಡಾಡತೊಡಗಿತು. ಸದ್ದು ಸಾಲದೆಂದು ನಾನು ಹೆಚ್ಚು ಹೆಚ್ಚು ವಿದ್ಯುತ್ ಹರಿಸಿದೆ. ಸುರುಳಿ ಕಾದು ಸುಟ್ಟಿತು. ಒಂದು ಬಾಟಲಿ ಅಂಟು ಉಳಿಸಲು ಹೋಗಿ ಸ್ಪೀಕರನ್ನೇ ಕಳೆದುಕೊಂಡೆ. ನಿಮಗೆ ಹಾಗಾಗಬಾರದು ಎಂಬುದಕ್ಕೇ ಈ ಲೇಖನ.

ಮೊದಲು ಲೆಕ್ಕ, ಆಮೇಲೆ ಗರಗಸ

ಪೆಟ್ಟಿಗೆಯ ಗಾತ್ರವನ್ನು ಕಣ್ಣಳತೆಯಲ್ಲಿ ನಿರ್ಧರಿಸಬೇಡಿ. ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ, ಅವರ ನಂತರ ಸಿಡ್ನಿ ವಿಶ್ವವಿದ್ಯಾಲಯದಲ್ಲಿ ರಿಚರ್ಡ್ ಸ್ಮಾಲ್ 1970ರ ದಶಕದಲ್ಲಿ ಇದಕ್ಕೆ ಸರಳ ಗಣಿತ ಒದಗಿಸಿದರು. ಒಳ್ಳೆಯ ಸ್ಪೀಕರಿನ ಜೊತೆ ಬರುವ ಚೀಟಿಯಲ್ಲಿ ಮೂರು ಸಂಖ್ಯೆಗಳಿರುತ್ತವೆ. ಚೀಟಿ ಇಲ್ಲದ ಸ್ಪೀಕರನ್ನು ಕೊಳ್ಳಬೇಡಿ.

ಮೊದಲನೆಯದು ಎಫ್.ಎಸ್. ಇದು ಸ್ಪೀಕರಿನ ಸಹಜ ಆವೃತ್ತಿ. ಎರಡನೆಯದು ವಿ.ಎ.ಎಸ್. ಸ್ಪೀಕರಿನ ಅಂಚು ಎಷ್ಟು ಸಡಿಲವಾಗಿದೆಯೋ ಅಷ್ಟೇ ಸಡಿಲವಾದ ಗಾಳಿಯ ಸ್ಪ್ರಿಂಗಿಗೆ ಎಷ್ಟು ಲೀಟರ್ ಗಾಳಿ ಬೇಕು ಎಂಬುದನ್ನು ಇದು ಹೇಳುತ್ತದೆ. ಮೂರನೆಯದು ಕ್ಯು.ಟಿ.ಎಸ್. ಬಡಿದ ಮೇಲೆ ಕಂಪನ ಎಷ್ಟು ಬೇಗ ಅಡಗುತ್ತದೆ ಎಂಬುದರ ಅಳತೆ ಇದು. ಪೆಟ್ಟಿಗೆಯೊಳಗೆ ಕೂರಿಸಿದ ಮೇಲೆ ಈ ಕೊನೆಯ ಸಂಖ್ಯೆ ಏರುತ್ತದೆ. ಅದು 0.7ರ ಸುಮಾರಿಗೆ ಬಂದು ನಿಂತರೆ ಸದ್ದು ಹದವಾಗಿರುತ್ತದೆ. 1ನ್ನು ದಾಟಿದರೆ ಒಂದೇ ಸ್ವರ 'ಬೂಂ, ಬೂಂ' ಎಂದು ಎದ್ದು ಕುಳಿತು ಉಳಿದುದನ್ನು ನುಂಗುತ್ತದೆ.

ಒಂದು ಉದಾಹರಣೆ ನೋಡೋಣ. ಹತ್ತಿಂಚಿನ ಒಂದು ಸ್ಪೀಕರಿಗೆ ಎಫ್.ಎಸ್. 30 ಹರ್ಟ್ಸ್, ವಿ.ಎ.ಎಸ್. 60 ಲೀಟರ್, ಕ್ಯು.ಟಿ.ಎಸ್. 0.40 ಎಂದಿರಲಿ. ನಮಗೆ ಬೇಕಾದದ್ದು 0.707. ಇದನ್ನು 0.40ರಿಂದ ಭಾಗಿಸಿದರೆ 1.77 ಬರುತ್ತದೆ. ಅದರ ವರ್ಗ 3.12. ಅದರಲ್ಲಿ 1 ಕಳೆದರೆ 2.12. ವಿ.ಎ.ಎಸ್.ಅನ್ನು ಇದರಿಂದ ಭಾಗಿಸಿ: 60 ÷ 2.12, ಅಂದರೆ ಸುಮಾರು 28 ಲೀಟರ್. ಪೆಟ್ಟಿಗೆಯೊಳಗೆ ಇರಬೇಕಾದ ಗಾಳಿ ಇಷ್ಟು. ಸಹಜ ಆವೃತ್ತಿಯೂ ಅದೇ 1.77 ಪಟ್ಟು ಏರಿ 53 ಹರ್ಟ್ಸ್ ಆಗುತ್ತದೆ. ಅಲ್ಲಿಯವರೆಗೆ ಸದ್ದು ಚೆನ್ನಾಗಿ ಬಂದು, ಅದರ ಕೆಳಗೆ ಮೆಲ್ಲನೆ ಇಳಿಯುತ್ತದೆ. ನಿಮ್ಮ ಸ್ಪೀಕರಿನ ಸಂಖ್ಯೆಗಳು ಬೇರೆ ಇರುತ್ತವೆ. ಈ ನಾಲ್ಕು ಹೆಜ್ಜೆಗಳಲ್ಲಿ ಅವನ್ನೇ ಇಟ್ಟು ಲೆಕ್ಕ ಮಾಡಿ.

ಸ್ಪೀಕರಿನ ಹಿಂಭಾಗ, ಒಳಗಿನ ಪಟ್ಟಿಗಳು ಸುಮಾರು 2.3 ಲೀಟರ್ ಜಾಗ ತಿನ್ನುತ್ತವೆ ಎಂದುಕೊಳ್ಳೋಣ. ಒಟ್ಟು 30.5 ಲೀಟರ್ ಬೇಕು. ಒಳ ಅಳತೆ ಅಗಲ 32, ಎತ್ತರ 34, ಆಳ 28 ಸೆಂ.ಮೀ. ಇಟ್ಟರೆ 30,464 ಘನ ಸೆಂ.ಮೀ. ಆಯಿತು. ಸರಿಹೋಯಿತಲ್ಲವೇ?

ಪ್ಲೈವುಡ್ ಆಯ್ಕೆ

ಒಳಗಿನ ಒತ್ತಡವನ್ನು ಕಡೆಗಣಿಸಬೇಡಿ. ಹತ್ತಿಂಚಿನ ಕೋನಿನ ವಿಸ್ತೀರ್ಣ ಸುಮಾರು 330 ಚದರ ಸೆಂ.ಮೀ. ಅದು ಐದು ಮಿಲಿಮೀಟರ್ ಒಳಕ್ಕೆ ಬಂದರೆ 28 ಲೀಟರ್ ಗಾಳಿಯ ಒತ್ತಡ ಸುಮಾರು 820 ಪಾಸ್ಕಲ್ ಏರುತ್ತದೆ. ವಾಯುಮಂಡಲದ ಒತ್ತಡದ ಮುಂದೆ ಇದು ನೂರರಲ್ಲಿ ಒಂದು ಪಾಲೂ ಅಲ್ಲ. ಆದರೆ 34 × 28 ಸೆಂ.ಮೀ. ಹಲಗೆಯ ಮೇಲೆ ಇದು ಎಂಟು ಕಿಲೋ ತೂಕವಿಟ್ಟಷ್ಟು ಬಲ. 40 ಹರ್ಟ್ಸ್ ಸದ್ದು ಬರುವಾಗ ಸೆಕೆಂಡಿಗೆ ನಲವತ್ತು ಬಾರಿ ಈ ಬಲ ಹಲಗೆಯನ್ನು ಹೊರಕ್ಕೆ ತಳ್ಳಿ ಒಳಕ್ಕೆ ಎಳೆಯುತ್ತದೆ. ತೆಳು ಹಲಗೆ ಬಾಗುತ್ತದೆ, ಕೀಲು ಬಿಡುತ್ತದೆ.

ಆದ್ದರಿಂದ 18 ಮಿ.ಮೀ. ದಪ್ಪದ ಪ್ಲೈವುಡ್ ಇರಲಿ. ಬಯಲುಸೀಮೆಯವರು ಎಂ.ಡಿ.ಎಫ್. ಹಲಗೆ ಬಳಸಬಹುದು. ಅದು ಭಾರ, ಸಮತಟ್ಟು, ಅಗ್ಗ. ಆದರೆ ಮಲೆನಾಡಿನ ಮಾತು ಬೇರೆ. ಆಗುಂಬೆಯ ಮಳೆ ನಮ್ಮ ಜಿಲ್ಲೆಯದೇ. ಶಿವಮೊಗ್ಗದಲ್ಲಿ ಅಷ್ಟು ಸುರಿಯದಿದ್ದರೂ ಆಷಾಢ ಶ್ರಾವಣಗಳಲ್ಲಿ ಗೋಡೆಯೇ ತೇವ ಹಿಡಿಯುತ್ತದೆ. ತೇವ ಕುಡಿದ ಎಂ.ಡಿ.ಎಫ್. ಅಂಚು ಹಪ್ಪಳದಂತೆ ಉಬ್ಬುತ್ತದೆ, ಮತ್ತೆ ಇಳಿಯುವುದಿಲ್ಲ. ಹೀಗಾಗಿ ನೀರು ತಡೆಯುವ ಅಂಟಿನಿಂದ ಮಾಡಿದ, ಬಿ.ಡಬ್ಲ್ಯು.ಆರ್. ಎಂಬ ಗುರುತಿರುವ ಪ್ಲೈವುಡ್ ಒಳ್ಳೆಯದು. ಪದರಗಳ ನಡುವೆ ಟೊಳ್ಳು ಇದೆಯೇ ಎಂದು ಅಂಚನ್ನು ನೋಡಿ. ಬೆರಳಿನ ಗೆಣ್ಣಿನಿಂದ ತಟ್ಟಿ ಕೇಳಿ. ಟೊಳ್ಳು ಪ್ಲೈ ಒಳಗೊಳಗೇ ಗಾಳಿ ಸೋರುತ್ತದೆ.

ಬೇಕಾದ ತುಂಡುಗಳು ಇವು: ಮುಂದೆ ಹಿಂದೆ 35.6 × 37.6 ಸೆಂ.ಮೀ. ಎರಡು, ಮೇಲೆ ಕೆಳಗೆ 35.6 × 28 ಎರಡು, ಅಕ್ಕಪಕ್ಕ 34 × 28 ಎರಡು. ವಿಸ್ತೀರ್ಣ ಕೂಡಿದರೆ ಸುಮಾರು 7 ಚದರ ಅಡಿ. ನಾಲ್ಕಡಿ ಎರಡಡಿಯ ತುಂಡು ಸಾಕೆನಿಸುತ್ತದೆ. ಆದರೆ ಕಾಗದದ ಮೇಲೆ ಬರೆದು ನೋಡಿ, ಎರಡು ಮೂರು ಸೆಂ.ಮೀ. ಕಡಿಮೆ ಬೀಳುತ್ತದೆ! ನಾಲ್ಕಡಿ ಎರಡೂವರೆ ಅಡಿಯ ತುಂಡು ಬೇಕು. ಉಳಿಯುವ ಪಟ್ಟಿಯನ್ನು ಎಸೆಯಬೇಡಿ, ಅದಕ್ಕೂ ಕೆಲಸವಿದೆ. ಪ್ಲೈವುಡ್ ಅಂಗಡಿಯ ಯಂತ್ರದಲ್ಲೇ ಕತ್ತರಿಸಿಕೊಡಲು ಕೇಳಿ. ಅಂಚು ನೇರವಾಗಿದ್ದರೆ ಗಾಳಿ ತಡೆಯುವ ಕೆಲಸ ಅರ್ಧ ಮುಗಿದಂತೆ.

ಜೋಡಿಸುವುದು ಮತ್ತು ಮುಚ್ಚುವುದು

ಬೇಸಿಗೆ ರಜೆಯಲ್ಲಿ ಈ ಕೆಲಸ ಹಿಡಿಯಿರಿ. ಮಳೆಗಾಲದಲ್ಲಿ ಅಂಟು ಒಣಗುವುದು ತಡ.

ಮೊದಲು ಮುಂದಿನ ಹಲಗೆಯಲ್ಲಿ ಸ್ಪೀಕರಿನ ರಂಧ್ರವನ್ನು ಚೀಟಿಯಲ್ಲಿರುವ ವ್ಯಾಸಕ್ಕೆ ಸರಿಯಾಗಿ ಕೊರೆಯಿಸಿ. ಬಳಿಕ ಮೇಲೆ, ಕೆಳಗೆ, ಅಕ್ಕಪಕ್ಕದ ನಾಲ್ಕು ಹಲಗೆಗಳ ಚೌಕಟ್ಟು ಮಾಡಿ. ಅಂಚಿನ ಉದ್ದಕ್ಕೂ ಮರದ ಅಂಟನ್ನು ಧಾರಾಳವಾಗಿ ಹಚ್ಚಿ. ಫೆವಿಕಾಲಿನಂಥ ಬಿಳಿ ಅಂಟು ಸಾಕು. ಮೊಳೆ ಬೇಡ, ಮೊಳೆ ಅದುರಿ ಅದುರಿ ಸಡಿಲವಾಗುತ್ತದೆ. ಸಣ್ಣ ರಂಧ್ರ ಕೊರೆದುಕೊಂಡು ಒಂದೂವರೆ ಇಂಚಿನ ಸ್ಕ್ರೂಗಳನ್ನು ಹತ್ತು ಸೆಂ.ಮೀ.ಗೊಂದರಂತೆ ಬಿಗಿಯಿರಿ. ಕೀಲಿನಿಂದ ಅಂಟು ಸಾಲಾಗಿ ಹೊರಕ್ಕೆ ಒಸರಬೇಕು. ಒಸರದ ಕಡೆ ಅಂಟು ಸಾಲದಾಗಿದೆ ಎಂದೇ ಅರ್ಥ.

ಚೌಕಟ್ಟು ಮೂಲೆಮಟ್ಟವಾಗಿದೆಯೇ? ಇಲ್ಲಿ ಪೈಥಾಗೊರಸನನ್ನು ಕರೆಯಿರಿ. ಎರಡು ಕರ್ಣಗಳನ್ನು ಅಳೆಯಿರಿ. ಎರಡೂ ಸುಮಾರು 51.8 ಸೆಂ.ಮೀ. ಇದ್ದು ಪರಸ್ಪರ ಸಮವಾಗಿದ್ದರೆ ಚೌಕಟ್ಟು ಸರಿಯಿದೆ. ಅಂಟು ಹಸಿಯಿರುವಾಗಲೇ ತಿದ್ದಿಕೊಳ್ಳಿ. ಆಮೇಲೆ ಹಿಂದಿನ ಹಲಗೆ ಕೂರಿಸಿ. ಉಳಿದ ಪಟ್ಟಿಯಲ್ಲಿ 32 ಸೆಂ.ಮೀ. ಉದ್ದದ ತುಂಡು ಕತ್ತರಿಸಿ, ಸ್ಪೀಕರಿನ ಅಯಸ್ಕಾಂತಕ್ಕೆ ತಾಗದಂತೆ, ಅಕ್ಕಪಕ್ಕದ ಹಲಗೆಗಳ ನಡುವೆ ಅಡ್ಡಪಟ್ಟಿಯಾಗಿ ಅಂಟಿಸಿ. ಎರಡು ಹಲಗೆಗಳೂ ಕೈ ಹಿಡಿದು ನಿಂತಂತಾಗುತ್ತದೆ, ಬಾಗುವುದಿಲ್ಲ. ಕೊನೆಗೆ ಮುಂದಿನ ಹಲಗೆ. ಇಡೀ ದಿನ ಒಣಗಲು ಬಿಡಿ.

ಮರುದಿನ ಒಳಗಿನ ಕೀಲುಗಳನ್ನು ಮುಚ್ಚುವ ಕೆಲಸ. ಬಡಗಿಗಳು ಹೇಳುವಂತೆ ಅಂಟಿಗೆ ಗರಗಸದ ನುಣುಪು ಹುಡಿ ಕಲಸಿ, ಚಪಾತಿ ಹಿಟ್ಟಿಗಿಂತ ಸ್ವಲ್ಪ ತೆಳುವಾದ ಹದಕ್ಕೆ ತನ್ನಿ. ಸ್ಪೀಕರಿನ ರಂಧ್ರದೊಳಗೆ ಕೈ ಹಾಕಿ, ಎಲ್ಲ ಮೂಲೆಗಳಿಗೂ ಬೆರಳಿನಿಂದ ಬಳಿಯಿರಿ. ಒಣಗಿದ ಮೇಲೆ ಇನ್ನೊಮ್ಮೆ ಬಳಿಯಿರಿ. ಮೊದಲ ಬಳಿತ ಒಣಗುವಾಗ ಕುಗ್ಗಿ ಬಿರುಕು ಬಿಡುತ್ತದೆ. ಒಳಗೆಲ್ಲ ಒಂದು ಕೈ ವಾರ್ನಿಷ್ ಹೊಡೆದರೆ ತೇವವೂ ತಡೆಯುತ್ತದೆ.

ಸಿಲಿಕೋನ್ ಬಳಸುವುದಾದರೆ ಒಂದು ಎಚ್ಚರಿಕೆ. ವಿನೆಗರ್ ವಾಸನೆ ಬರುವ ಬಗೆಯದು ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ. ಮುಚ್ಚಿದ ಪೆಟ್ಟಿಗೆಯಲ್ಲಿ ಅದು ತಾಮ್ರಕ್ಕೂ ಲೋಹಕ್ಕೂ ಹಾನಿ. ವಾಸನೆ ಇಲ್ಲದ ಬಗೆಯದನ್ನು ಕೇಳಿ ಕೊಳ್ಳಿ. ಯಾವುದೇ ಆಗಲಿ, ಪೂರ್ತಿ ಒಣಗಿದ ಮೇಲೆಯೇ ಸ್ಪೀಕರ್ ಕೂರಿಸಿ.

ಮರೆತುಹೋಗುವ ಎರಡು ಸೋರುವ ಜಾಗಗಳಿವೆ. ಒಂದು, ತಂತಿ ಹೊರಬರುವ ರಂಧ್ರ. ತಂತಿ ಹಾಯಿಸಿದ ಮೇಲೆ ಎಂ-ಸೀಲ್ ಮೆತ್ತಿ ಮುಚ್ಚಿ. ಇನ್ನೊಂದು, ಸ್ಪೀಕರಿನ ಅಂಚು. ಲೋಹದ ಚೌಕಟ್ಟಿಗೂ ಹಲಗೆಗೂ ನಡುವೆ ಸ್ಪಂಜಿನ ಟೇಪು ಸುತ್ತಿ. ಟೇಪಿನ ಎರಡು ತುದಿಗಳು ಕೂಡುವಲ್ಲಿ ಸಂದಿ ಬಿಡಬೇಡಿ. ಸ್ಕ್ರೂಗಳನ್ನು ಒಂದಾದ ಮೇಲೆ ಅದರ ಎದುರಿನದು ಎಂಬಂತೆ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಕೂರಿಸುವ ಮುನ್ನ ದಿಂಬಿಗೆ ತುಂಬುವ ಪಾಲಿಯೆಸ್ಟರ್ ನಾರನ್ನು ಸಡಿಲವಾಗಿ ಒಳಗೆ ಹರಡಿ. ಗಾಳಿ ಅದುಮಿದಾಗ ಹುಟ್ಟುವ ಶಾಖವನ್ನು ನಾರು ಹೀರಿಕೊಳ್ಳುವುದರಿಂದ ಪೆಟ್ಟಿಗೆ ಕೊಂಚ ದೊಡ್ಡದಾದಂತೆಯೇ ವರ್ತಿಸುತ್ತದೆ.

ಸೋರಿಕೆ ಹುಡುಕುವ ನಾಲ್ಕು ದಾರಿ

ಸ್ಪೀಕರ್ ಕೂರಿಸುವ ಮೊದಲು, ರಾತ್ರಿ ದೀಪ ಆರಿಸಿ, ಟಾರ್ಚ್ ಹಚ್ಚಿ ಪೆಟ್ಟಿಗೆಯೊಳಗಿಟ್ಟು ರಂಧ್ರವನ್ನು ದಪ್ಪ ರಟ್ಟಿನಿಂದ ಮುಚ್ಚಿ. ಎಲ್ಲಿಯಾದರೂ ಬೆಳಕಿನ ಗೆರೆ ಕಂಡರೆ ಅಲ್ಲಿ ಸಂದಿಯಿದೆ.

ಕೂರಿಸಿದ ಮೇಲೆ ಆಂಪ್ಲಿಫೈಯರಿನಿಂದ ತಂತಿ ಬಿಚ್ಚಿ. ಎರಡೂ ಕೈಗಳ ಬೆರಳುಗಳನ್ನು ಕೋನಿನ ಸುತ್ತ ಸಮವಾಗಿಟ್ಟು ಮೆಲ್ಲಗೆ ಒತ್ತಿ ಹಿಡಿಯಿರಿ. ಒಳಗಿನ ಗಾಳಿ ನಿಮ್ಮ ಬೆರಳನ್ನು ಮರಳಿ ತಳ್ಳುತ್ತಿರಬೇಕು. ಕ್ಷಣದಲ್ಲೇ ಆ ತಳ್ಳು ಮಾಯವಾದರೆ ಗಾಳಿ ಎಲ್ಲೋ ಓಡುತ್ತಿದೆ. ತಂತಿ ಏಕೆ ಬಿಚ್ಚಬೇಕು? ಮಂಡಲ ಪೂರ್ಣವಾಗಿದ್ದರೆ ಚಲಿಸುವ ಸುರುಳಿಯಲ್ಲಿ ವಿದ್ಯುತ್ ಹುಟ್ಟಿ ಅದೂ ಚಲನೆಯನ್ನು ತಡೆಯುತ್ತದೆ, ಪರೀಕ್ಷೆ ಕೆಡುತ್ತದೆ.

ಮೂರನೆಯದು ಊದುಬತ್ತಿ. 30 ಅಥವಾ 40 ಹರ್ಟ್ಸ್‌ನ ಸ್ವರವನ್ನು ಮೆಲ್ಲಗೆ ನುಡಿಸುತ್ತ, ಫ್ಯಾನ್ ಆರಿಸಿ, ಹೊಗೆಯ ಎಳೆಯನ್ನು ಕೀಲಿನ ಉದ್ದಕ್ಕೂ ಒಯ್ಯಿರಿ. ನೆಟ್ಟಗೆ ಏರುತ್ತಿದ್ದ ಹೊಗೆ ನಡುಗಿದ ಜಾಗದಲ್ಲಿ ಪೆನ್ಸಿಲಿನ ಗುರುತು ಹಾಕಿ. ಬೆಂಕಿ ಕೋನಿಗೂ ನಾರಿಗೂ ದೂರವಿರಲಿ. ನಾಲ್ಕನೆಯದು ಸೈಕಲ್ ಅಂಗಡಿಯ ವಿದ್ಯೆ. ಗುರುತಿನ ಮೇಲೆ ಸೋಪಿನ ನೊರೆ ಹಚ್ಚಿ, ಕೋನನ್ನು ಒತ್ತಿ. ಗುಳ್ಳೆ ಎದ್ದರೆ ಸಂದೇಹವೇ ಬೇಡ.

ಇಲ್ಲಿ ನಿಮಗೊಂದು ಪ್ರಶ್ನೆ ಬಂದಿರಬಹುದು. ಅಂಗಡಿಯ ಎಷ್ಟೋ ಪೆಟ್ಟಿಗೆಗಳಲ್ಲಿ ದುಂಡನೆಯ ತೂತೇ ಇರುತ್ತದಲ್ಲ? ಅದು ಸೋರಿಕೆಯಲ್ಲ, ಅಳೆದು ಇಟ್ಟ ಕೊಳವೆ. ಖಾಲಿ ಬಾಟಲಿಯ ಬಾಯಿಗೆ ಊದಿದರೆ ಒಂದೇ ಸ್ವರ ಬರುತ್ತದೆ. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ವಿವರಿಸಿದ ಈ ಅನುರಣನೆಯನ್ನೇ ಅಲ್ಲಿ ದುಡಿಸಿಕೊಳ್ಳುತ್ತಾರೆ. ಕೊಳವೆಯ ಉದ್ದ, ವ್ಯಾಸಗಳ ಲೆಕ್ಕ ತಪ್ಪಿದರೆ ಸದ್ದು ಕೆಡುತ್ತದೆ. ಮೊದಲ ಪ್ರಯತ್ನಕ್ಕೆ ಮುಚ್ಚಿದ ಪೆಟ್ಟಿಗೆಯೇ ಕ್ಷೇಮ.

ನುಡಿಸುವ ಮುನ್ನ

ಮರ ಉಜ್ಜುವಾಗ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ. ಆಂಪ್ಲಿಫೈಯರನ್ನು ಸಿದ್ಧವಾಗಿರುವುದೇ ಕೊಳ್ಳಿ. ಅದರ ಮುಚ್ಚಳ ಬಿಚ್ಚಿ 230 ವೋಲ್ಟಿನೊಡನೆ ಆಟವಾಡಬೇಡಿ.

ಕೊನೆಯದು ಅತಿ ಮುಖ್ಯ. ಗಾಳಿಯನ್ನು ಪೆಟ್ಟಿಗೆಯಲ್ಲಿ ಕಟ್ಟಿಹಾಕಿದಿರಿ. ಸದ್ದನ್ನು ಮನೆಯೊಳಗೆ ಕಟ್ಟಿಹಾಕಲಾರಿರಿ. ಕೆಳಸ್ಥಾಯಿಯ ಅಲೆಗಳು ಗೋಡೆಯನ್ನು ಸುಲಭವಾಗಿ ದಾಟುತ್ತವೆ. ನಿಮಗೆ ಹಾಡು ಕೇಳುತ್ತದೆ, ಪಕ್ಕದ ಮನೆಯವರಿಗೆ ಬರಿಯ ಗುದ್ದು ಕೇಳುತ್ತದೆ. ಅಲ್ಲಿ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಓದುವ ಹುಡುಗಿ ಇರಬಹುದು, ಕಾರ್ಖಾನೆಯ ರಾತ್ರಿ ಪಾಳಿ ಮುಗಿಸಿ ಮಲಗಿದವರಿರಬಹುದು, ಹೃದ್ರೋಗಿಯಾದ ಅಜ್ಜ ಇರಬಹುದು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಶಬ್ದದ ಮಿತಿ ಹಗಲು 55, ರಾತ್ರಿ 45 ಡೆಸಿಬಲ್. ರಾತ್ರಿ ಎಂದರೆ ಹತ್ತರಿಂದ ಬೆಳಗಿನ ಆರರವರೆಗೆ. ನಿಮ್ಮ ಕಿವಿಯೂ ನಿಮ್ಮದೇ ಆಸ್ತಿ. 85 ಡೆಸಿಬಲ್‌ನಲ್ಲಿ ದಿನಕ್ಕೆ ಎಂಟು ಗಂಟೆ ಸುರಕ್ಷಿತವೆಂದರೆ, 88ರಲ್ಲಿ ನಾಲ್ಕೇ ಗಂಟೆ. ಪ್ರತಿ ಮೂರು ಡೆಸಿಬಲ್‌ಗೆ ಅವಧಿ ಅರ್ಧವಾಗುತ್ತ ಹೋಗುತ್ತದೆ. ಸುಟ್ಟ ಸುರುಳಿಯನ್ನು ಬದಲಿಸಬಹುದು, ಒಳಕಿವಿಯ ಸತ್ತ ಜೀವಕೋಶ ಮತ್ತೆ ಹುಟ್ಟುವುದಿಲ್ಲ.

ಚೆನ್ನಾಗಿ ಮುಚ್ಚಿದ ಪೆಟ್ಟಿಗೆಯ ಗುಣವೇ ಇದು: ಗುಂಡಿಯನ್ನು ಹೆಚ್ಚು ತಿರುಗಿಸಬೇಕಾಗುವುದಿಲ್ಲ. ಒಂದು ಡೊಳ್ಳಿನ ಧ್ವನಿಮುದ್ರಣ ಹಾಕಿ, ಮೆಲ್ಲಗೆ ನುಡಿಸಿ, ಪೆಟ್ಟಿಗೆಯ ಮೈಮೇಲೆ ಅಂಗೈ ಇಡಿ. ಹಲಗೆ ಅದುರುತ್ತಿಲ್ಲ, ಎದೆಗೆ ಮಾತ್ರ 'ಧಂ' ತಾಗುತ್ತಿದೆ ಎಂದಾದರೆ ನಿಮ್ಮ ಕೆಲಸ ಸರಿಯಾಗಿದೆ.

ನೀವೇ ಮಾಡಿ ನೋಡಿ

1. ಒಂದೂವರೆ ವೋಲ್ಟಿನ ಟಾರ್ಚ್ ಸೆಲ್ಲನ್ನು ಸ್ಪೀಕರಿನ ತುದಿಗಳಿಗೆ ಕ್ಷಣಕಾಲ ತಾಗಿಸಿ. ಕೋನ್ ಯಾವ ಕಡೆ ಚಲಿಸಿತು? ಸೆಲ್ ತಿರುಗಿಸಿದರೆ ಏನಾಗುತ್ತದೆ?

2. ಪೆಟ್ಟಿಗೆಯಿಲ್ಲದ ಸ್ಪೀಕರಿನ ಸದ್ದನ್ನು ಕೇಳಿ. ಬಳಿಕ ನಡುವೆ ರಂಧ್ರ ಕೊರೆದ ದೊಡ್ಡ ರಟ್ಟಿಗೆ ಅದನ್ನು ಒತ್ತಿ ಹಿಡಿದು ಕೇಳಿ. ವ್ಯತ್ಯಾಸಕ್ಕೆ ಕಾರಣ ಬರೆಯಿರಿ.

3. ಮೇಲಿನ ಉದಾಹರಣೆಯ ಸ್ಪೀಕರನ್ನೇ 15 ಲೀಟರ್ ಪೆಟ್ಟಿಗೆಯಲ್ಲಿ ಕೂರಿಸಿದರೆ 0.707ರ ಬದಲು ಯಾವ ಸಂಖ್ಯೆ ಬರುತ್ತದೆ? ಸದ್ದು ಹೇಗಿರಬಹುದು?